ಆರ್ಕೇಡ್ ಪೆಟ್ಟಿಗೆಯ ಗುಂಡಿಗಳನ್ನು ಕಂಪ್ಯೂಟರಿಗೆ ಜೋಡಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಹುಡುಗರು ಮನೆಯಲ್ಲೇ ಕಟ್ಟಿದ ಕೆಲವು ಆರ್ಕೇಡ್ ಪೆಟ್ಟಿಗೆಗಳನ್ನು, ಅಂದರೆ ಗುಂಡಿ ಒತ್ತಿ ವಿಡಿಯೋ ಆಟ ಆಡುವ ಪೆಟ್ಟಿಗೆಗಳನ್ನು, ಬಿಚ್ಚಿ ನೋಡಿದ್ದೇನೆ. ಪ್ಲೈವುಡ್ ಕೆಲಸವೂ ಬಣ್ಣವೂ ಅಚ್ಚುಕಟ್ಟಾಗಿದ್ದವು. ಕೆಟ್ಟಿದ್ದು ಒಳಗಿನ ವೈರಿಂಗ್.

ಮೊದಲು ಬೋರ್ಡ್, ಅಂದರೆ ಗುಂಡಿ ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಸರ್ಕ್ಯೂಟ್. ಹಳೆಯ ಕೀಬೋರ್ಡ್ ಒಡೆದು ಅದಕ್ಕೇ ವೈರು ಬೆಸೆಯುವ ಅಗ್ಗದ ದಾರಿಯನ್ನು ಹಿಡಿಯಬೇಡಿ. ಮೂರ್ನಾಲ್ಕು ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಅಂಥ ಕೀಬೋರ್ಡುಗಳಲ್ಲಿ ಒಂದೆರಡು ದಾಖಲಾಗುವುದೇ ಇಲ್ಲ. ಆರ್ಡುಯಿನೋ ಲಿಯೊನಾರ್ಡೋ ಎಂಬ, ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡನ್ನು ಕೊಳ್ಳಿ. ಅದು ಕಂಪ್ಯೂಟರಿಗೆ ನೇರವಾಗಿ ಕೀಬೋರ್ಡಿನಂತೆ ಕಾಣಿಸಿಕೊಳ್ಳುತ್ತದೆ. ಆರ್ಡುಯಿನೋದ್ದೇ ಹಳೆಯ ಊನೋ (ಆರ್3ರವರೆಗಿನ) ಬೋರ್ಡಿಗೆ ಈ ಸೌಲಭ್ಯವಿಲ್ಲ.

ತೂತು ಕೊರೆಯುವ ಮುನ್ನ ಗುಂಡಿಯನ್ನು ಅಳೆಯಿರಿ: ಜಪಾನಿ ಮಾದರಿಗೆ 30 ಮಿ.ಮೀ., ಅಮೆರಿಕನ್ ಮಾದರಿಗೆ ಸುಮಾರು 28.

ಇನ್ನು ಎಲ್ಲರೂ ಎಡವುವ ಹಂತ. ಗುಂಡಿಯ ಕೆಳಗಿನ ಮೈಕ್ರೋಸ್ವಿಚ್ಚಿಗೆ ಸಾಮಾನ್ಯವಾಗಿ ಮೂರು ಕಾಲುಗಳಿರುತ್ತವೆ: ಕಾಮನ್, ಒತ್ತಿದಾಗ ಕೂಡಿಕೊಳ್ಳುವ ಎನ್‌ಒ, ಒತ್ತಿದಾಗ ಕಡಿದುಕೊಳ್ಳುವ ಎನ್‌ಸಿ. ನಮಗೆ ಬೇಕಾದವು ಮೊದಲಿನ ಎರಡು ಮಾತ್ರ. ಎನ್‌ಸಿಗೆ ವೈರು ಕೊಟ್ಟರೆ ಗುಂಡಿಯನ್ನು ಸದಾ ಒತ್ತಿ ಹಿಡಿದಂತಾಗಿ ಆಟದ ಗೊಂಬೆ ತಾನಾಗಿಯೇ ಓಡತೊಡಗುತ್ತದೆ, ಬೈಗುಳ ಮಾತ್ರ ಬೋರ್ಡಿಗೆ ಬೀಳುತ್ತದೆ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒತ್ತಿದಾಗ ಮಾತ್ರ ಸದ್ದು ಬರುವ ಜೋಡಿಯನ್ನು ಗುರುತಿಸಿಕೊಳ್ಳಿ. ಎಲ್ಲ ಕಾಮನ್ ಕಾಲುಗಳನ್ನು ಒಂದೇ ವೈರಿನಿಂದ ಸರಪಳಿಯಂತೆ ಪೋಣಿಸಿ ಬೋರ್ಡಿನ ಗ್ರೌಂಡಿಗೆ (GND ಎಂದು ಬರೆದ ಪಿನ್ನಿಗೆ) ತನ್ನಿ; ಪ್ರತಿ ಎನ್‌ಒ ಕಾಲಿನಿಂದ ಬೇರೆ ಬೇರೆ ಪಿನ್ನಿಗೆ ಒಂದೊಂದು ವೈರು ಎಳೆಯಿರಿ. ಸರಪಳಿಯ ಬಾಲವನ್ನೂ ಗ್ರೌಂಡಿಗೆ ಮರಳಿ ತಂದು ಬಳೆಯಾಗಿಸಿದರೆ, ನಡುವೆ ಎಲ್ಲೋ ಒಂದು ಕಡೆ ಕಡಿದರೂ ಮುಂದಿನ ಗುಂಡಿಗಳೆಲ್ಲ ಸಾಯುವುದಿಲ್ಲ.

ಜೋಡಣೆಗೆ ಕ್ರಿಂಪ್ ಲಗ್ಗುಗಳನ್ನೇ (ವೈರಿನ ತುದಿಗೆ ಅಮುಕಿ ಕೂರಿಸಿ ಸ್ವಿಚ್ಚಿನ ಕಾಲಿಗೆ ಸಿಕ್ಕಿಸುವ ಲೋಹದ ತುಣುಕುಗಳನ್ನೇ) ಬಳಸಿ. 4.8 ಮಿ.ಮೀ. ಕಾಲಿಗೆ 6.3ರ ಲಗ್ ತುರುಕಿದರೆ ಆಟದ ಭರಕ್ಕೆ ಕಳಚುತ್ತದೆ. ತಿರುಚಿ ಟೇಪ್ ಸುತ್ತಿದ ಜೋಡಣೆಯಂತೂ ಬೇಡವೇ ಬೇಡ: ಧಾರವಾಡದ ಮಳೆಗಾಲದ ತೇವಕ್ಕೆ ತಾಮ್ರ ಕಪ್ಪಾಗುತ್ತದೆ, ಬೇಸಿಗೆಗೆ ಟೇಪಿನ ಅಂಟು ಜಾರುತ್ತದೆ.

ಜಾಯ್‌ಸ್ಟಿಕ್ಕಿನಲ್ಲಿ ಹಿಡಿಯನ್ನು ಮೇಲಕ್ಕೆ ದೂಡಿದರೆ ಒತ್ತುವುದು ಕೆಳಗಿನ ಸ್ವಿಚ್. ಹಾಗಾಗಿ ವೈರುಗಳನ್ನು ಅದಲುಬದಲಾಗಿ ಕೊಡಬೇಕು.

ಪ್ರೋಗ್ರಾಮಿನಲ್ಲಿ ಬೋರ್ಡಿನ ಒಳಗಿನ ಪುಲ್‌ಅಪ್ (ಗುಂಡಿ ಒತ್ತದಿರುವಾಗ ಪಿನ್ನಿನ ವೋಲ್ಟೇಜನ್ನು ಮೇಲೆಯೇ ಹಿಡಿದಿಡುವ ರೆಸಿಸ್ಟರ್) ಚಾಲೂ ಮಾಡಿ, ಸ್ವಿಚ್ಚಿನ ನಡುಕ ನುಂಗಲು 5 ಮಿಲಿಸೆಕೆಂಡ್ ಕಾಯಿಸಿ. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ಮೇಮ್ ಎಮ್ಯುಲೇಟರಿನ ಮೂಲ ಕೀಗಳನ್ನೇ ಕೊಡುವುದು ಲೇಸು: ನಾಣ್ಯಕ್ಕೆ 5, ಆರಂಭಕ್ಕೆ 1, ದಿಕ್ಕುಗಳಿಗೆ ಬಾಣದ ಕೀಗಳು, ಗುಂಡಿಗಳಿಗೆ ಎಡ ಕಂಟ್ರೋಲ್, ಎಡ ಆಲ್ಟ್, ಸ್ಪೇಸ್, ಎಡ ಶಿಫ್ಟ್. ಶಿಫ್ಟನ್ನು ಐದು ಸಲ ಒತ್ತಿದೊಡನೆ ವಿಂಡೋಸ್ ಆಟದ ನಡುವೆಯೇ ಸ್ಟಿಕಿ ಕೀಸ್ ಬೇಕೇ ಎಂದು ಕೇಳುತ್ತದೆ. ಆ ಸೌಲಭ್ಯವನ್ನು ಮೊದಲೇ ಸೆಟ್ಟಿಂಗ್ಸಿನಲ್ಲಿ ಆಫ್ ಮಾಡಿಡಿ.