ಕಸಾಂಡ್ರಾಗೆ ಐನೂರರ ಬ್ಯಾಚ್ ಹಾಕಿ ನಾನು ಪಟ್ಟ ಪಾಡು

ನಮ್ದು 6 ನೋಡ್ (ಸರ್ವರ್) ಇರೋ ಕಸಾಂಡ್ರಾ ಡೇಟಾಬೇಸ್ ಕ್ಲಸ್ಟರ್, ರೆಪ್ಲಿಕೇಶನ್ 3, ಅಂದ್ರೆ ಒಂದೊಂದು ಸಾಲಿಗೂ ಮೂರು ನೋಡಲ್ಲಿ ಕಾಪಿ. ದಿನಾ ರಾತ್ರಿ ಕರೆಂಟ್ ಮೀಟರ್ ರೀಡಿಂಗ್ ಎಲ್ಲಾ ತಂದು ಸುರಿಯೋ ಜಾಬ್ ಒಂದಿದೆ, ಅದನ್ನ ಬರ್ದಿದ್ದು ನಾನೇ. ಅದಕ್ಕೂ ಮುಂಚೆ ಮೈಎಸ್‌ಕ್ಯೂಎಲ್‌ನಲ್ಲಿ ಪಳಗಿದ ಕೈ, ಅಲ್ಲಿ ಒಂದೊಂದೇ ಇನ್ಸರ್ಟ್ ಬದ್ಲು ಐನೂರು ಸಾಲು ಒಟ್ಟಿಗೆ ಹಾಕಿದ್ರೆ ಚಕಚಕ ಮುಗೀತಿತ್ತು, ಇಲ್ಲೂ ಹಂಗೇ ಅಂದ್ಕೊಂಡು ಬ್ಯಾಚ್ ಕಟ್ಟಿ ಬಿಟ್ಟೆ. ಟೆಸ್ಟಲ್ಲಿ ಇದ್ದಿದ್ದು ಒಂದೇ ನೋಡ್, ಏನೂ ಗೊತ್ತಾಗ್ಲಿಲ್ಲ.

ಪ್ರೊಡಕ್ಷನ್ನಿಗೆ ಹೋಗಿದ್ದೇ ತಡ ರೈಟ್ ಟೈಮ್‌ಔಟ್ (ಬರೆದಾಯ್ತು ಅನ್ನೋ ಉತ್ತರ ಹೊತ್ತಿಗೆ ಸಿಗ್ದಿರೋದು) ಶುರು. ಬ್ಯಾಚ್ 5 ಕೆಬಿ ದಾಟಿದೆ ಅಂತ ಲಾಗ್ ತುಂಬಾ ವಾರ್ನಿಂಗ್, ನಾನು ಕ್ಯಾರೇ ಅನ್ಲಿಲ್ಲ. ಆಮೇಲೆ ಟೇಬಲ್ಲಿಗೆ ನಾಲ್ಕು ಕಾಲಮ್ ಸೇರ್ಸಿದ್ವಿ, ಬ್ಯಾಚ್ 50 ಕೆಬಿ ದಾಟ್ತು, ಕಸಾಂಡ್ರಾ ತಗೊಳ್ಳೋದೇ ನಿಲ್ಲಿಸ್ತು. ನಾನು ಮಾಡಿದ ಘನಂದಾರಿ ಕೆಲ್ಸ ಅಂದ್ರೆ ಕಾನ್ಫಿಗ್‌ನಲ್ಲಿ ಆ ಮಿತಿನೇ ಏರಿಸಿದ್ದು. ಅವತ್ತು ರಾತ್ರಿ ನೋಡ್‌ಟೂಲ್ ಟಿಪಿಸ್ಟ್ಯಾಟ್ಸ್ (ನೋಡಿನ ಸ್ಥಿತಿ ತೋರ್ಸೋ ಕಮಾಂಡ್) ಹಾಕಿ ನೋಡಿದ್ರೆ ಡ್ರಾಪ್ ಆದ ಮ್ಯುಟೇಶನ್ (ನೋಡ್ ಕೈಬಿಟ್ಟ ರೈಟ್) ಲೆಕ್ಕ ಏರ್ತಾನೇ ಇದೆ, ಒಂದು ನೋಡ್ ಜಿಸಿಲಿ (ಬೇಡದ ಮೆಮೊರಿ ಗುಡಿಸೋ ಕೆಲ್ಸದಲ್ಲಿ) ಸಿಕ್ಕಾಕ್ಕೊಂಡು ಮೇಲುಸಿರು ಬಿಡ್ತಿದೆ, ಪಕ್ಕದ್ದು ಆರಾಮಾಗಿದೆ.

ಆಗ ತಲೆಗೆ ಹೋಯ್ತು. ಯಾವ ಸಾಲು ಯಾವ ನೋಡಲ್ಲಿ ಇರ್ಬೇಕು ಅಂತ ತೀರ್ಮಾನ ಮಾಡೋ ಪಾರ್ಟಿಶನ್ ಕೀ ನಮ್ಮಲ್ಲಿ ಮೀಟರ್ ನಂಬರ್ರು, ಅಂದ್ರೆ ಐನೂರು ಸಾಲೂ ಬೇರೆ ಬೇರೆ ಪಾರ್ಟಿಶನ್, ಎಲ್ಲಾ ನೋಡಿಗೂ ಚದುರಿರುತ್ತೆ. ಬ್ಯಾಚ್ ಯಾವ ನೋಡಿಗೆ ಹೋಯ್ತೋ ಅದೇ ಕೋಆರ್ಡಿನೇಟರ್, ಅಂದ್ರೆ ಎಲ್ಲಾ ಕಡೆ ಹಂಚೋ ಹೊಣೆ ಅದ್ರದ್ದೇ. ಐನೂರು ಲಗ್ನಪತ್ರಿಕೆ ಒಬ್ನೇ ಹುಡುಗನ ಕೈಗೆ ಕೊಟ್ಟು ಯಲಹಂಕಕ್ಕೂ ಕೆಂಗೇರಿಗೂ ಬನಶಂಕರಿಗೂ ನೀನೇ ಹಂಚಿ 2 ಸೆಕೆಂಡಲ್ಲಿ ವಾಪಸ್ ಬಾ ಅಂದಂಗೆ. ಮೇಲಿಂದ ನಂದು ಲಾಗ್ಡ್ ಬ್ಯಾಚ್ ಬೇರೆ, ಹಂಚೋಕ್ಮುಂಚೆ ಪೂರ್ತಿ ಬ್ಯಾಚ್‌ದು ಕಾಪಿ ಇನ್ನೆರಡು ನೋಡಲ್ಲಿ ಬರ್ದಿಡ್ಬೇಕು. ಅದಿರೋದು ಎಲ್ಲಾ ಸಾಲೂ ತಪ್ಪದೆ ಸೇರ್ಲಿ ಅಂತ, ಸ್ಪೀಡಿಗಲ್ಲ.

ಬ್ಯಾಚ್ ಕಿತ್ತಾಕಿ, ಮೊದ್ಲೇ ಸಿದ್ಧ ಮಾಡಿಟ್ಟ ಕ್ವೆರಿ ಅಂದ್ರೆ ಪ್ರಿಪೇರ್ಡ್ ಸ್ಟೇಟ್‌ಮೆಂಟಲ್ಲಿ ಒಂದೊಂದೇ ಸಾಲು ಅಸಿಂಕ್ ಆಗಿ (ಹಿಂದಿನದ್ರ ಉತ್ತರಕ್ಕೆ ಕಾಯ್ದೆ) ಕಳ್ಸಿದೆ, ಆಗ ಯಾವ ಸಾಲು ಯಾವ ನೋಡಿಂದು ಅಂತ ಡ್ರೈವರ್ರೇ (ಜಾಬಿಂದ ಕಸಾಂಡ್ರಾ ಜೊತೆ ಮಾತಾಡೋ ಲೈಬ್ರರಿ) ಟೋಕನ್ (ಕೀಯಿಂದ ಲೆಕ್ಕ ಹಾಕಿದ ನಂಬರ್) ನೋಡಿ ನೇರ ಅಲ್ಲಿಗೇ ಕೊಡುತ್ತೆ. ಆದ್ರೆ ಮೊದಲ್ನೇ ಸಲ ಯಾವ ಲಗಾಮೂ ಇಲ್ದೆ ಅಷ್ಟೂ ಸಾಲು ಒಂದೇ ಲೂಪಲ್ಲಿ ಬಿಟ್ಟು ಜಾಬಿನ ಮೆಮೊರಿನೇ ತುಂಬಿ ಸತ್ತೋಯ್ತು! ಆಮೇಲೆ ಒಂದು ಸೆಮಾಫೋರ್ ಹಾಕಿ, ಒಂದ್ಸಲಕ್ಕೆ 128ಕ್ಕಿಂತ ಜಾಸ್ತಿ ಉತ್ತರ ಬಾಕಿ ಇರ್ಬಾರ್ದು ಅಂತ ಕಟ್ಟಿದೆ. ಟೈಮ್‌ಔಟ್ ಬಂತು ಅಂದ್ರೆ ಬರ್ದಿಲ್ಲ ಅಂತಲ್ಲ, ಬರ್ದಿರ್ಲೂಬಹುದು, ಆದ್ರೂ ಅದೇ ಕೀಗೆ ಅದೇ ವ್ಯಾಲ್ಯೂ ಮತ್ತೆ ಬರ್ದ್ರೆ ನಷ್ಟ ಇಲ್ಲ, ಸ್ವಲ್ಪ ಸ್ವಲ್ಪ ಗ್ಯಾಪ್ ಜಾಸ್ತಿ ಮಾಡ್ತಾ ರಿಟ್ರೈ ಇಟ್ಟೆ. ಕೌಂಟರ್ ಕಾಲಮ್ ಇದ್ರೆ ಮಾತ್ರ ಈ ಆಟ ಬೇಡ, ಎರಡೆರಡು ಸಲ ಕೂಡ್ಬಿಡುತ್ತೆ.

ರೈಟ್ ಸರಿಹೋಯ್ತು ಅನ್ನೋಷ್ಟ್ರಲ್ಲಿ ಬೆಳಿಗ್ಗೆ ರಿಪೋರ್ಟ್ ಆಮೆ ಥರ. ನೋಡಿದ್ರೆ ರೀಡಿಂಗ್ ಇಲ್ದಿರೋ ಕಾಲಮಿಗೆಲ್ಲಾ ನಲ್ (ಖಾಲಿ ವ್ಯಾಲ್ಯೂ) ಕಳಿಸ್ತಿದ್ದೆ, ಒಂದೊಂದು ನಲ್ಲೂ ಒಂದೊಂದು ಟೂಂಬ್‌ಸ್ಟೋನ್, ಅಂದ್ರೆ ಅಳಿಸಿದೆ ಅನ್ನೋ ಗುರುತು, ಓದುವಾಗ ಅದನ್ನೆಲ್ಲಾ ದಾಟ್ಕೊಂಡೇ ಹೋಗ್ಬೇಕು. ಆ ಕಾಲಮನ್ನ ಸೆಟ್ಟೇ ಮಾಡ್ದೆ ಬಿಟ್ಟೆ, ಹಳೇದೆಲ್ಲಾ ಕಂಪ್ಯಾಕ್ಷನ್‌ನಲ್ಲಿ (ಡಿಸ್ಕಿನ ಫೈಲ್‌ಗಳನ್ನ ಕಸಾಂಡ್ರಾ ಒಟ್ಟುಗೂಡಿಸುವಾಗ) ತೊಳ್ದೋಗೋಕೆ, ಗುರುತನ್ನ ಉಳಿಸ್ಕೊಳ್ಳೋ ಗ್ರೇಸ್ ಟೈಮು 10 ದಿನ ಕಾಯ್ಲೇಬೇಕಾಯ್ತು.

ಈಗ ಬ್ಯಾಚ್ ಉಳ್ಕೊಂಡಿರೋದು ಒಂದೇ ಕಡೆ: ಒಂದೇ ಮೀಟರಿನ 24 ಗಂಟೆ ರೀಡಿಂಗು, ಒಂದೇ ಪಾರ್ಟಿಶನ್, ಅನ್‌ಲಾಗ್ಡ್. ಮಿತಿನ ವಾಪಸ್ ಮೊದ್ಲಿನ 50 ಕೆಬಿಗೇ ಇಳಿಸಿದೀನಿ, 5 ಕೆಬಿ ವಾರ್ನಿಂಗ್ ಬಂದ್ರೆ ನನ್ ಫೋನಿಗೇ ಮೆಸೇಜ್ ಬರುತ್ತೆ.