ಬಿಚ್ಚಿ ಹಾಕುವ ಫೋರ್‌ಗ್ರಿಪ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಎಆರ್-15 ಮಾದರಿಯ ರೈಫಲ್ಲುಗಳಲ್ಲಿ ನಳಿಗೆಯ ಕೆಳಗೆ ನೆಟ್ಟಗೆ ಇಳಿಬಿದ್ದ ಹಿಡಿಯೊಂದನ್ನು ನೀವು ನೋಡಿರಬಹುದು. ಅದೇ ವರ್ಟಿಕಲ್ ಫೋರ್‌ಗ್ರಿಪ್. ಇದೇನೂ ಹೊಸದಲ್ಲ. 1921ರ ಥಾಂಪ್ಸನ್ ಸಬ್‌ಮಷಿನ್ ಗನ್ನಿಗೇ ಇಂಥದ್ದೊಂದು ಮರದ ಹಿಡಿ ಇತ್ತು. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯುವ ಅನುಕೂಲ ಬಂದದ್ದು ಆಮೇಲೆ.

ಅಮೆರಿಕದ ಗನ್ ಅಂಗಡಿಗಳಲ್ಲಿ ಇದರ ರಾಶಿಯೇ ಇರುತ್ತದೆ. ಬಂದವರೆಲ್ಲ ಹಿಡಿಯನ್ನು ಅಮುಕಿ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಅದನ್ನು ರೈಫಲ್ಲಿಗೆ ಕಚ್ಚಿಸುವ ಭಾಗವನ್ನು ತಿರುಗಿಸಿ ನೋಡುವವರು ಕಡಿಮೆ. ನನ್ನ ಪ್ರಕಾರ ದುಡ್ಡು ಕೊಡುವುದು ಆ ಭಾಗಕ್ಕೇ. ಹಾಕಿದಾಗ ಒಂಚೂರೂ ಅಲ್ಲಾಡಬಾರದು, ತೆಗೆಯಬೇಕೆಂದಾಗ ಸತಾಯಿಸಲೂಬಾರದು. ಇವೆರಡೂ ಒಂದಕ್ಕೊಂದು ವಿರುದ್ಧ. ಎರಡನ್ನೂ ಸರಿಯಾಗಿ ಮಾಡಿದ ಗ್ರಿಪ್ ಸಿಗುವುದು ಅಷ್ಟು ಸುಲಭವಲ್ಲ.

ಮೊದಲು ಕಾನೂನು

ಅಮೆರಿಕದಲ್ಲಿರುವ ನಮ್ಮವರಿಗೆ ಗ್ರಿಪ್ಪಿಗಿಂತ ಮುಂಚೆ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಎರಡನೆಯದು, ರಾಜ್ಯದ ಕಾನೂನು. ಟೆಕ್ಸಸ್‌ನಲ್ಲಿ ರೈಫಲ್ಲಿಗೆ ಫೋರ್‌ಗ್ರಿಪ್ ಹಾಕಿದರೆ ಯಾರೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಕಳಚಬಹುದಾದ ಮ್ಯಾಗಜಿನ್ ಇರುವ ಸೆಮಿ ಆಟೊಮ್ಯಾಟಿಕ್ ಸೆಂಟರ್‌ಫೈರ್ (ತೋಟಾದ ತಳದ ನಡುವೆ ಪೆಟ್ಟು ಬಿದ್ದು ಸಿಡಿಯುವ) ರೈಫಲ್ಲಿಗೆ ಇದೊಂದನ್ನು ಸೇರಿಸಿದರೆ ಸಾಕು, ಅದು ನಿಷೇಧಿತ ‘ಅಸಾಲ್ಟ್ ವೆಪನ್’ ಆಗಿಬಿಡುತ್ತದೆ. ನ್ಯೂಯಾರ್ಕಿನ 2013ರ ಕಾಯ್ದೆಯಲ್ಲೂ ಇಂಥ ಎರಡನೇ ಹಿಡಿಯ ಪ್ರಸ್ತಾಪವಿದೆ. ‘ಬಿಚ್ಚಿ ಇಡ್ತೀನಲ್ಲ’ ಅನ್ನುವ ಸಮಜಾಯಿಷಿ ನಡೆಯುತ್ತದೆ ಅಂದುಕೊಳ್ಳಬೇಡಿ.

ಇನ್ನೊಂದು ಗುಂಡಿ ಇದೆ. ನೋಡಲು ರೈಫಲ್ಲಿನಂತೆಯೇ ಇರುವ ‘ಎಆರ್ ಪಿಸ್ತೂಲು’ ಕಾನೂನಿನ ಕಣ್ಣಿಗೆ ಪಿಸ್ತೂಲೇ. ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇರುವ ಪಿಸ್ತೂಲಿಗೆ ನೆಟ್ಟನೆಯ ಫೋರ್‌ಗ್ರಿಪ್ ಹಾಕಿದರೆ ಅದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಯಡಿ ಬರುತ್ತದೆ. ಬಂದೂಕುಗಳ ಉಸ್ತುವಾರಿ ನೋಡುವ ಫೆಡರಲ್ ಸಂಸ್ಥೆ ಎಟಿಎಫ್‌ನಿಂದ ಮೊದಲೇ ಒಪ್ಪಿಗೆ ಪಡೆದಿರಬೇಕು. ಇಲ್ಲದಿದ್ದರೆ ಹತ್ತು ವರ್ಷದವರೆಗೆ ಜೈಲು. ಇಪ್ಪತ್ತು ಡಾಲರಿನ ಪ್ಲಾಸ್ಟಿಕ್ ತುಂಡಿಗೆ!

ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಯೋಚನೆಯೂ ಬೇಡ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡಿಭಾಗಗಳನ್ನೂ ಶಸ್ತ್ರದ ಲೆಕ್ಕಕ್ಕೆ ಸೇರಿಸಿದೆ.

ನಿಮ್ಮ ರೈಫಲ್ಲಿನಲ್ಲಿ ಯಾವ ರೈಲು?

ಗ್ರಿಪ್ಪಿನಂಥ ಬಿಡಿಭಾಗ ಕಚ್ಚಿಸುವ ಜಾಗವೇ ರೈಲು. ಹ್ಯಾಂಡ್‌ಗಾರ್ಡಿನ, ಅಂದರೆ ನಳಿಗೆಯನ್ನು ಸುತ್ತುವರಿದ ಹೊದಿಕೆಯ, ಕೆಳಗೆ ಹಲ್ಲುಹಲ್ಲಾಗಿ ಕಾಣುವ ಪಟ್ಟಿ ಇದ್ದರೆ ಅದು ಪಿಕಟಿನ್ನಿ. ನ್ಯೂಜೆರ್ಸಿಯ ಪಿಕಟಿನ್ನಿ ಆರ್ಸೆನಲ್‌ನ ಹೆಸರು ಅದು. 1995ರಲ್ಲಿ ಸೇನೆಯ ಮಾನದಂಡವಾಯಿತು. ಇದರ ಪ್ರತಿ ಕಚ್ಚಿನ ಅಗಲ 5.23 ಮಿ.ಮೀ. ಹಳೆಯ ವೀವರ್ ರೈಲಿನ ಕಚ್ಚು ಇದಕ್ಕಿಂತ ಸಣ್ಣದು, ಸುಮಾರು 4.57 ಮಿ.ಮೀ. ಹಾಗಾಗಿ ಪಿಕಟಿನ್ನಿಯ ಗ್ರಿಪ್ ವೀವರ್ ರೈಲಿಗೆ ಕೂರದೇ ಇರಬಹುದು. ಪಟ್ಟಿಯ ಬದಲು ಉದ್ದನೆಯ ಸೀಳುಗಳಿದ್ದರೆ ಅದು ಎಂ-ಲಾಕ್. ಬೀಗದ ಕೈ ತೂರಿಸುವ ತೂತಿನಂತೆ ಕಂಡರೆ ಕೀಮಾಡ್. ಅದು ಈಗ ಹಿಂದೆ ಬಿದ್ದಿದೆ.

ಪಿಕಟಿನ್ನಿಯಲ್ಲಿ ಗ್ರಿಪ್ಪನ್ನು ಒಂದೊಂದು ಸೆಂಟಿಮೀಟರ್ ಹಿಂದೆ ಮುಂದೆ ಸರಿಸಬಹುದು. ಎಂ-ಲಾಕ್‌ನಲ್ಲಿ ಸೀಳಿನಿಂದ ಸೀಳಿಗೆ ನಾಲ್ಕು ಸೆಂಟಿಮೀಟರ್ ಅಂತರ. ಜೊತೆಗೆ ಎಂ-ಲಾಕ್ ಗ್ರಿಪ್ಪುಗಳಲ್ಲಿ ಹೆಚ್ಚಿನವು ಸ್ಕ್ರೂ ಬಿಗಿದು ಕೂರಿಸುವಂಥವು. ಅಲೆನ್ ಕೀ ಇಲ್ಲದೆ ತೆಗೆಯಲಾಗದ ಹಿಡಿಯನ್ನು ‘ಡಿಟ್ಯಾಚಬಲ್’ ಅಂತ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದು ಜಾಸ್ತಿಯಾಯಿತು, ಅಲ್ವಾ? ಅಂದಹಾಗೆ, ಕೊಡಗಿನ ಮನೆಯಲ್ಲಿರುವ ಜೋಡುನಳಿಗೆ ಕೋವಿಗೆ ಇದು ಆಗುತ್ತದಾ ಅಂತ ಕೇಳಬೇಡಿ. ಅದಕ್ಕೆ ರೈಲೇ ಇಲ್ಲ.

ಕೂರಿಸಿ, ಅಲ್ಲಾಡಿಸಿ

ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಛೇಂಬರ್ (ತೋಟಾ ಕೂರುವ ಗೂಡು) ಖಾಲಿ ಇದೆಯೇ ಅಂತ ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ನೋಡಿ. ನಳಿಗೆ ಯಾರ ಕಡೆಗೂ ತಿರುಗಿರಬಾರದು. ತೋಟಾಗಳು ಆ ಕೋಣೆಯಲ್ಲೇ ಬೇಡ.

ಈಗ ಗ್ರಿಪ್ಪನ್ನು ರೈಲಿಗೆ ಸೇರಿಸಿ. ಗ್ರಿಪ್ಪಿನ ಅಡ್ಡ ಬೋಲ್ಟು ರೈಲಿನ ಕಚ್ಚಿನೊಳಗೆ ಪೂರ್ತಿ ಕೂತಿರಬೇಕು. ಬಿಗಿ ಮಾಡುವಾಗ ಗ್ರಿಪ್ಪನ್ನು ನಳಿಗೆಯ ತುದಿಯ ಕಡೆಗೆ ಒತ್ತಿ ಹಿಡಿಯಿರಿ. ಹಾಗೆ ಮಾಡಿದರೆ ಬೋಲ್ಟು ಕಚ್ಚಿನ ಗೋಡೆಗೆ ಆತು ನಿಲ್ಲುತ್ತದೆ. ಆಮೇಲೆ ಹಿಂದಕ್ಕೆ, ಮುಂದಕ್ಕೆ, ಎಡಬಲಕ್ಕೆ ತಳ್ಳಿ. ಬಟ್ಟೆ ಹಿಂಡುವಂತೆ ತಿರುಚಿ. ‘ಟಕ್’ ಅನ್ನುವ ಸಣ್ಣ ಸದ್ದು ಬಂದರೂ ಅದು ಸಡಿಲವೇ. ಗುಂಡು ಹಾರಿಸುತ್ತ ಹೋದಂತೆ ಆ ಸಡಿಲ ಜಾಸ್ತಿಯೇ ಆಗುತ್ತದೆ.

ಲಿವರ್ ಇರುವ ಗ್ರಿಪ್ ಆದರೆ ಎರಡು ಸಂಗತಿ ಗಮನಿಸಿ. ಲಿವರನ್ನು ಮುಚ್ಚುವಾಗ ಕೊನೆಯಲ್ಲಿ ಹೆಬ್ಬೆರಳಿಗೆ ಗಟ್ಟಿ ಒತ್ತಡ ಬೇಕಾಗಬೇಕು. ಬಿಚ್ಚುವಾಗ ಒಂದು ಪುಟ್ಟ ಲಾಕ್ ಒತ್ತಿದರೆ ಮಾತ್ರ ತೆರೆಯಬೇಕು. ಲಾಕ್ ಇಲ್ಲದಿದ್ದರೆ ಹೆಗಲಿಗೆ ಹಾಕುವ ಸ್ಲಿಂಗ್ ಬೆಲ್ಟು ತಗುಲಿ, ಕೈ ಎಳೆಯುವ ಹೊತ್ತಿಗೇ ಲಿವರ್ ತೆರೆದುಕೊಂಡುಬಿಡಬಹುದು. ಹೆಬ್ಬೆರಳಿನಿಂದ ತಿರುಗಿಸುವ ದೊಡ್ಡ ತಿರುಪು ಇರುವ ಗ್ರಿಪ್ ಅಗ್ಗ, ಸರಳ. ಆದರೆ ಅದು ನಿಧಾನವಾಗಿ ಸಡಿಲಾಗುತ್ತದೆ. ತಿರುಪಿನಿಂದ ಗ್ರಿಪ್ಪಿನ ಮೈವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದರೆ ತಿರುಪು ತಿರುಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಹಿಡಿ ನೈಲಾನಿನದೋ ಅಲ್ಯೂಮಿನಿಯಂನದೋ ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ನಾರು ಬೆರೆಸಿದ ನೈಲಾನು ಹಗುರ. ಅಲ್ಯೂಮಿನಿಯಂ ಮಿನೆಸೋಟದ ಚಳಿಯಲ್ಲಿ ಕೈ ಕಚ್ಚುತ್ತದೆ. ಬ್ಯಾಟರಿ ಇಡಲು ಒಳಗೆ ಟೊಳ್ಳು ಬಿಟ್ಟಿದ್ದರೆ ಮುಚ್ಚಳ ತೆಗೆದು ಹಾಕಿ ನೋಡಿ. ಗಲಗಲ ಸದ್ದು ಮಾಡುವ ಗ್ರಿಪ್ ಯಾರಿಗೂ ಇಷ್ಟವಾಗುವುದಿಲ್ಲ.

ಕೈ ಏನು ಹೇಳುತ್ತದೆ

ಕಣ್ಣು ಮುಚ್ಚಿ, ಖಾಲಿ ರೈಫಲ್ಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಭುಜಕ್ಕೆ ಏರಿಸಿ. ಎಡಗೈ ತಾನಾಗಿ ಎಲ್ಲಿ ಬಂದು ನಿಲ್ಲುತ್ತದೋ ಗ್ರಿಪ್ ಅಲ್ಲಿರಬೇಕು. ಎಡಗೈ ರೂಢಿಯವರಿಗೆ ಬಲಗೈ. ಪೊರಕೆ ಹಿಡಿದಂತೆ ಪೂರ್ತಿ ಮುಷ್ಟಿಯಲ್ಲಿ ಹಿಡಿಯಬೇಕೆಂದೇನೂ ಇಲ್ಲ. ಕಿರುಬೆರಳು, ಉಂಗುರಬೆರಳು ಮಾತ್ರ ಗ್ರಿಪ್ಪಿಗೆ ಸುತ್ತಿ, ಮೇಲಿನ ಬೆರಳುಗಳನ್ನು ಹ್ಯಾಂಡ್‌ಗಾರ್ಡಿಗೆ ಚಾಚುವವರೇ ಈಗ ಹೆಚ್ಚು. ಹಾಗೆ ಹಿಡಿಯುವವರಿಗೆ ಗಿಡ್ಡ ಗ್ರಿಪ್ ಸಾಕು. ಮಣಿಕಟ್ಟು ಸೊಟ್ಟಗಾಗುತ್ತಿದ್ದರೆ ಒಂದು ಕಚ್ಚು ಹಿಂದಕ್ಕೆ ತನ್ನಿ.

ನಳಿಗೆ ತೀರಾ ಗಿಡ್ಡವಿದ್ದರೆ ಗ್ರಿಪ್ ಇನ್ನೊಂದು ಉಪಕಾರ ಮಾಡುತ್ತದೆ. ಕೈ ಜಾರಿ ನಳಿಗೆಯ ಬಾಯಿಯ ಮುಂದೆ ಹೋಗದಂತೆ ತಡೆಯುತ್ತದೆ. ಒದೆತ ಮಾತ್ರ ಅದರಿಂದ ಕಡಿಮೆಯಾಗದು.

ರೇಂಜಿನಲ್ಲಿ

ಒಂದೇ ಬಗೆಯ ತೋಟಾ ತೆಗೆದುಕೊಳ್ಳಿ. ನಿಂತು, ಗ್ರಿಪ್ ಇಲ್ಲದೆ ಐದು, ಗ್ರಿಪ್ ಹಾಕಿ ಐದು ಗುಂಡು, ಬೇರೆ ಬೇರೆ ಕಾಗದಕ್ಕೆ. ಎರಡೆರಡು ಸಲ ಮಾಡಿದರೆ ಒಳ್ಳೆಯದು. ಕಾಗದದಲ್ಲಿ ಬಿದ್ದ ತೂತುಗಳ ಗುಂಪು ಚಿಕ್ಕದಾಯಿತೇ ಅನ್ನುವುದಕ್ಕಿಂತ, ಗುಂಪೇ ಜಾಗ ಬದಲಿಸಿತೇ ಅಂತ ನೋಡಿ. ಹ್ಯಾಂಡ್‌ಗಾರ್ಡು ನಳಿಗೆಗೆ ತಾಗಿರುವ ಹಳೆಯ ಬಗೆಯ ರೈಫಲ್ಲಿನಲ್ಲಿ, ಗ್ರಿಪ್ ಹಿಡಿದು ಜಗ್ಗಿದರೆ ಆ ಎಳೆತ ನಳಿಗೆಗೂ ಹೋಗುತ್ತದೆ. ಗುಂಡು ಬೀಳುವ ಜಾಗ ಸರಿಯುತ್ತದೆ. ನಳಿಗೆಗೆ ತಾಗದ ಫ್ರೀ ಫ್ಲೋಟ್ ಹ್ಯಾಂಡ್‌ಗಾರ್ಡಿನಲ್ಲಿ ಈ ತೊಂದರೆ ತೀರಾ ಕಡಿಮೆ.

ಆಮೇಲೆ ಬೆಂಚಿಗೆ ಬನ್ನಿ. ಮರಳಿನ ಚೀಲದ ಮೇಲೆ ರೈಫಲ್ ಇಟ್ಟರೆ ಗ್ರಿಪ್ ಅಡ್ಡ ಬರುತ್ತದೆ. ಮಲಗಿ ಹೊಡೆಯುವಾಗಲೂ ಅಷ್ಟೇ. ಬಿಚ್ಚುವ ಗುಣಕ್ಕೆ ನಿಜವಾದ ಪರೀಕ್ಷೆ ಇದು. ಗುಂಡು ತೆಗೆದು, ಛೇಂಬರ್ ನೋಡಿ, ಕೈಗವಸು ಹಾಕಿಕೊಂಡೇ ಗ್ರಿಪ್ ಕಳಚಿ. ಉಪಕರಣ ಬೇಕಾಯಿತೇ? ಬಿಸಿ ಹ್ಯಾಂಡ್‌ಗಾರ್ಡಿಗೆ ಕೈ ತಾಗಿತೇ? ಮತ್ತೆ ಹಾಕಿದಾಗ ಅದೇ ಕಚ್ಚಿಗೆ ಬಂತೇ? ಕೊನೆಗೆ ಪೇಂಟ್ ಗೆರೆ, ಮತ್ತೆ ಅದೇ ತಿರುಚಾಟ.

ಒಂದು ಪೂರ್ತಿ ದಿನ ಹೊಡೆದ ಮೇಲೂ ಗ್ರಿಪ್ ಅಲ್ಲಾಡದಿದ್ದರೆ ಇಟ್ಟುಕೊಳ್ಳಿ. ಅಲ್ಲಾಡಿದರೆ ತಿರುಪಿಗೆ ಅಂಟು ಹಾಕಿ ಸುಧಾರಿಸುವ ಗೋಜಿಗೆ ಹೋಗಬೇಡಿ. ಅಂಟು ಹಾಕಿದ ಮೇಲೆ ಅದು ಬಿಚ್ಚುವ ಗ್ರಿಪ್ ಆಗಿ ಉಳಿಯುವುದಿಲ್ಲ. ಬಿಲ್ಲು ಹುಡುಕಿ, ವಾಪಸ್ ಕೊಡುವ ಗಡುವು ಎಂದಿನವರೆಗೆ ಇದೆ ನೋಡಿ.