ಗೇರ್ ಲಾಕಿನ ಮೇಲೆ ಎರಡು ಗೆರೆ

2011ರ ಆಷಾಢ. ರಾತ್ರಿಯೆಲ್ಲ ಸೋನೆ ಮಳೆ. ಬೆಳಗ್ಗೆ ಆರಕ್ಕೆ ಹಾಲು ತರೋಣ ಅಂತ ಗೇಟು ತೆಗೆದರೆ, ಕಾರು ನಿಲ್ಲಿಸಿದ್ದ ಜಾಗದಲ್ಲಿ ಕಾರಿನಷ್ಟೇ ಉದ್ದಗಲದ ಒಣ ನೆಲ ಇತ್ತು. ಸುತ್ತ ರಸ್ತೆ ಒದ್ದೆ, ನಡುವೆ ಒಂದು ಒಣ ಪಟ್ಟಿ, ಅದರ ಮೇಲೆ ಹಳೆಯ ಆಯಿಲ್ ಕಲೆ. ನಾನೇ ಬೇರೆ ಕಡೆ ನಿಲ್ಲಿಸಿದೆನಾ ಅಂತ ನಿದ್ದೆಗಣ್ಣಲ್ಲಿ ರಸ್ತೆಯ ತುದಿಯವರೆಗೂ ಹೋಗಿ ನೋಡಿ ಬಂದೆ.

ನಮ್ಮ ಮನೆ ಬೆಂಗಳೂರಿನ ಹನುಮಂತನಗರದ ಒಂದು ಇಳಿಜಾರು ಅಡ್ಡರಸ್ತೆಯಲ್ಲಿದೆ. ಮನೆಗೆ ಕಾಂಪೌಂಡು ಇದೆ, ಕಾರಿಗೆ ಜಾಗ ಇಲ್ಲ. ಬೀದಿಯೇ ಗತಿ. ಸ್ಥಳ ನೋಡಲು ಬಂದ ಕಾನ್‌ಸ್ಟೆಬಲ್ ಆ ಒಣ ಜಾಗ ನೋಡಿದ ಕೂಡಲೇ ಹೇಳಿದರು: "ಮಳೆ ನಿಂತ ಮೇಲೆ ಎತ್ತಿದ್ದಾರೆ ಸರ್. ಇಲ್ಲಾಂದ್ರೆ ಇಲ್ಲೂ ಒದ್ದೆ ಆಗಿರೋದು." ಅಂದರೆ ನಾನು ಏಳುವುದಕ್ಕೆ ಸ್ವಲ್ಪ ಮುಂಚೆ.

ಅದು ಹತ್ತು ವರ್ಷ ಹಳೆಯ ಪುಟ್ಟ ಕಾರು. ಬಾಗಿಲಿನ ಬೀಗ ಎಷ್ಟು ಸವೆದಿತ್ತೆಂದರೆ ನಮ್ಮ ಬೀರುವಿನ ಕೀಗೂ ಒಮ್ಮೆ ತೆರೆದುಕೊಂಡಿತ್ತು. ಮನೆಯವರೆಲ್ಲ ಸೇರಿ ನಕ್ಕಿದ್ದೆವು, ಸರಿ ಮಾಡಿಸಿರಲಿಲ್ಲ. ಹಳೆ ಕಾರಿಗೆ ಯಾಕೆ ಸುಮ್ನೆ ಖರ್ಚು ಅಂತ ಇನ್ಶೂರೆನ್ಸ್ ಕೂಡ ಬರೀ ಥರ್ಡ್ ಪಾರ್ಟಿ ಮಾಡಿಸಿದ್ದೆ. ಅದು ಬೇರೆಯವರಿಗೆ ನಾವು ಮಾಡಿದ ನಷ್ಟಕ್ಕೆ ಮಾತ್ರ, ನಮ್ಮ ಕಾರು ಕಳುವಾದರೆ ಒಂದು ರೂಪಾಯಿಯೂ ಬರಲ್ಲ ಅನ್ನೋದು ಎಫ್‌ಐಆರ್ ಪ್ರತಿ ಹಿಡಿದುಕೊಂಡು ಹೋದ ದಿನ ಸರಿಯಾಗಿ ಅರ್ಥವಾಯಿತು. ನಾಲ್ಕು ತಿಂಗಳಾದ ಮೇಲೆ ತುಮಕೂರಿನ ಕಡೆ ಕಾರು ಸಿಕ್ಕಿತು. ಕಾರು ಅನ್ನೋದಕ್ಕಿಂತ ಚಿಪ್ಪು ಅನ್ನಬಹುದು. ಎಂಜಿನ್ ಇಲ್ಲ, ಸೀಟಿಲ್ಲ, ಚಕ್ರ ಇಲ್ಲ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನೂ ಅದೇ ಮಾಡಿದೆ. ಮುಂದಿನ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಕೊಂಡ ವಾರವೇ ಜೆ.ಸಿ. ರಸ್ತೆಗೆ ಹೋಗಿ ಅಲಾರಂ ಹಾಕಿಸಿದೆ. ಅಂಗಡಿಯವನು ಬಾನೆಟ್ಟಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿದ. ಬೀದಿಯೆಲ್ಲ ಅದುರುವ ಸದ್ದು. ನನಗೆ ಪರಮಾನಂದ.

ಆಮೇಲಿನ ಆರು ತಿಂಗಳು ಬೀದಿಯವರಿಗೆ ನರಕ. ನೀರಿನ ಟ್ಯಾಂಕರ್ ಹೋದರೆ ಕೂಗುತ್ತಿತ್ತು. ತೆಂಗಿನ ಗರಿ ಬಿದ್ದರೆ, ಬೆಕ್ಕು ಹತ್ತಿದರೆ ಕೂಗುತ್ತಿತ್ತು. ದೀಪಾವಳಿಯ ಮೂರು ದಿನ ಅದಕ್ಕೂ ಹಬ್ಬ. ಎದುರು ಮನೆಯ ಅಜ್ಜಿ ಒಂದು ದಿನ ಮಹಡಿಯಿಂದಲೇ ಕೂಗಿದರು: "ಏನಪ್ಪಾ, ನಿನ್ನ ಮಗು ಅಳ್ತಾ ಇದೆ, ಹಾಲಾದ್ರೂ ಕುಡಿಸಬಾರ್ದಾ?" ತೋಳ ಬಂತು ತೋಳ ಕಥೆಯೇ. ಕೊನೆಗೆ ಬೀದಿಯಲ್ಲಿ ಯಾರೂ ಕಿಟಕಿಯಿಂದ ಇಣುಕುತ್ತಲೂ ಇರಲಿಲ್ಲ. ಒಂದು ರಾತ್ರಿ ಎರಡೂವರೆಗೆ ಮತ್ತೆ ಕೂಗಿತು. ಮಲಗಿದ್ದಲ್ಲಿಂದಲೇ ರಿಮೋಟ್ ಒತ್ತಿ ನಿಲ್ಲಿಸಿ ಮಗ್ಗಲು ಬದಲಿಸಿದೆ. ಬೆಳಗ್ಗೆ ನೋಡಿದರೆ ಹಿಂದಿನ ಎಡಗಡೆಯ ಗಾಜು ಪುಡಿ ಪುಡಿ. ಸೀಟಿನ ಮೇಲೆ ಬಿಟ್ಟಿದ್ದ ಬ್ಯಾಗು ಮಾಯ. ಅದರಲ್ಲಿ ಇದ್ದದ್ದು ಮಗಳ ಹಳೇ ನೋಟ್‌ಬುಕ್ಕು, ಒಂದು ಛತ್ರಿ. ಕಳ್ಳನಿಗೆ ಅದೆಲ್ಲಿ ಗೊತ್ತು? ಬ್ಯಾಗು ಅಂದರೆ ಲ್ಯಾಪ್‌ಟಾಪ್ ಅಂದುಕೊಂಡಿರುತ್ತಾನೆ. ಅಲಾರಂ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಕೈಕೊಟ್ಟವನು ನಾನು.

ಅವತ್ತಿನಿಂದ ಕಾರಿನೊಳಗೆ ಕಣ್ಣಿಗೆ ಬೀಳುವ ಹಾಗೆ ಒಂದು ಖಾಲಿ ಚೀಲವನ್ನೂ ಬಿಡಲ್ಲ. ಅಲಾರಮ್ಮಿನ ಸೆನ್ಸರ್‌ನಲ್ಲಿ ಸಣ್ಣ ಸ್ಕ್ರೂ ಇರುತ್ತೆ, ಅದನ್ನು ತಿರುಗಿಸಿ ಸೂಕ್ಷ್ಮತೆ ಕಡಿಮೆ ಮಾಡಿಸಿದೆ. ಅಂಗಡಿಯವನು ಮೊದಲ ದಿನವೇ ಹೇಳಬಹುದಿತ್ತು, ಅಲ್ವಾ? ಬೆರಳಲ್ಲಿ ತಟ್ಟಿದರೆ ಕೂಗಬೇಕು, ಆಗಲೇ ಮಾಲು ಮಾರಾಟ ಆಗೋದು.

ಆ ಎರಡನೇ ಕಾರಿನಲ್ಲಿ ಹಳೆಯದರಲ್ಲಿ ಇಲ್ಲದ ಒಂದು ವಸ್ತು ಇತ್ತು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಕಾವಲು ಅದೇ: ಇಮೊಬಿಲೈಸರ್. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಕಡಲೆಬೇಳೆಗಿಂತ ಸ್ವಲ್ಪ ದೊಡ್ಡ ಒಂದು ಚಿಪ್ ಇರುತ್ತೆ. ಅದಕ್ಕೆ ಬ್ಯಾಟರಿ ಬೇಡ. ಕೀ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿಯೇ ಅದಕ್ಕೆ ಶಕ್ತಿ ಕೊಟ್ಟು, ಅದರ ಗುಟ್ಟು ಕೇಳುತ್ತೆ. ಗುಟ್ಟು ಹೊಂದದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಬಿಡಲ್ಲ. ಫುಟ್‌ಪಾತಿನಲ್ಲಿ ಕಡಿಸಿದ ಡೂಪ್ಲಿಕೇಟ್ ಕೀಯಿಂದ ಬಾಗಿಲು ತೆಗೆಯಬಹುದು, ಎಂಜಿನ್ ಹತ್ತಲ್ಲ. ಯುರೋಪಿನಲ್ಲಿ 1998ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯ ಮಾಡಲಿಲ್ಲ. ಅದರ ಫಲ 2021-22ರಲ್ಲಿ ಕಾಣಿಸಿತು. ಎರಡು ಕಂಪನಿಗಳ ಇಮೊಬಿಲೈಸರ್ ಇಲ್ಲದ ಕಾರುಗಳನ್ನು ಹದಿಹರೆಯದ ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿಯಲ್ಲಿ ತಿರುಗಿಸಿ ಓಡಿಸಿಕೊಂಡು ಹೋದರು, ವಿಡಿಯೋ ಮಾಡಿ ಹಾಕಿದರು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ನಾನು ಮೊದಲು ಕೇಳೋದು ಇದನ್ನೇ. ಇಮೊಬಿಲೈಸರ್ ಇದೆಯಾ, ಕೀ ಎರಡೂ ಇದೆಯಾ?

ಗೇರ್ ಲಾಕ್ ಹಾಕಿಸಿದ್ದು ನಾನು ಗೌರವ ಕೊಡುವ ಒಬ್ಬ ಮೆಕ್ಯಾನಿಕ್ಕಿನ ಮಾತು ಕೇಳಿ. "ಸದ್ದು ಮಾಡೋದು ಬೇಡ ಸರ್, ಕೆಲಸ ಜಾಸ್ತಿ ಮಾಡಿಸೋದು ಹಾಕ್ಸಿ" ಅಂದರು. ಕಾರಿನ ನೆಲಕ್ಕೆ ಒಂದು ಕಬ್ಬಿಣದ ತಳ ಕೂರಿಸುತ್ತಾರೆ. ಅದರ ಬೋಲ್ಟುಗಳನ್ನು ಬಿಗಿ ಮಾಡುತ್ತಾ ಹೋದ ಹಾಗೆ ತಲೆ ಮುರಿದು ಬೀಳುತ್ತೆ, ಮತ್ತೆ ಸ್ಪ್ಯಾನರ್ ಹಾಕಿ ಬಿಚ್ಚೋಕೆ ಹಿಡಿತವೇ ಸಿಗಲ್ಲ. ರಿವರ್ಸ್ ಗೇರ್‌ಗೆ ಹಾಕಿ ಕಂಬಿ ತೂರಿಸಿ ಬೀಗ ಹಾಕಿದರೆ ಮುಗೀತು, ಗೇರ್ ಅಲ್ಲಾಡಲ್ಲ. ಮೊದಲ ಒಂದು ತಿಂಗಳು ಬೇಜಾರು ಬರುತ್ತೆ. ತರಕಾರಿಗೆ ನಿಲ್ಲಿಸಿದರೂ ಬಗ್ಗಿ ಬೀಗ ಹಾಕಬೇಕಾ ಅಂತ ಅನಿಸುತ್ತೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ, ಕೈಗೆ ತಾನೇ ರೂಢಿಯಾಗುತ್ತೆ.

2016ರಲ್ಲಿ ಒಂದು ಬೆಳಗ್ಗೆ ಚಾಲಕನ ಕಡೆಯ ಬಾಗಿಲು ಅರ್ಧ ತೆರೆದಿತ್ತು. ಸ್ಟೀರಿಂಗಿನ ಕೆಳಗಿನ ಪ್ಲಾಸ್ಟಿಕ್ ಕಿತ್ತು ನೇತಾಡುತ್ತಿತ್ತು, ಕೀ ತೂರಿಸುವ ಜಾಗ ಜಖಂ ಆಗಿತ್ತು. ನೋಡಿದ ಕೂಡಲೇ ಹೊಟ್ಟೆ ತೊಳಸಿದ ಹಾಗಾಯಿತು. ಆಮೇಲೆ ಬಗ್ಗಿ ಗೇರ್ ಲಾಕ್ ನೋಡಿದೆ. ಕಂಬಿಯ ಮೇಲೆ ಗರಗಸದ ಎರಡು ಗೆರೆಗಳಿದ್ದವು. ಒಂದು ಕೂದಲೆಳೆಯಷ್ಟು ಸಣ್ಣದು, ಇನ್ನೊಂದು ಉಗುರು ತಾಗಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಒಳಗಿನ ಉಕ್ಕು ಹೊಸ ಒಂದು ರೂಪಾಯಿ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಮ್ಯಾಟಿನ ಮೇಲೆ ಒಂದು ಚಿಟಿಕೆ ಕಬ್ಬಿಣದ ಪುಡಿ ಬಿದ್ದಿತ್ತು.

ಅವನು ಯಾಕೆ ಬಿಟ್ಟು ಹೋದ? ಇಮೊಬಿಲೈಸರ್ ತಡೆದಿರಬಹುದು. ಬ್ಲೇಡು ಮೊಂಡಾಗಿರಬಹುದು, ನಮ್ಮ ಬೀದಿಯ ಕರಿಯ ಬೊಗಳಿರಬಹುದು, ಪೇಪರ್ ಹುಡುಗರು ಬಂದಿರಬಹುದು. ಲಾಕ್ ಒಂದೇ ಉಳಿಸಿತು ಅಂತ ನಾನು ಹೇಳಲ್ಲ. ಅದು ಅವನ ಕೈಲಿ ಐದೋ ಹತ್ತೋ ನಿಮಿಷ ಜಾಸ್ತಿ ಕಳೆಸಿತು, ಅಷ್ಟರಲ್ಲಿ ಬೆಳಗಾಯಿತು. ಇನ್ನೊಂದು ಮಾತು. ಮುಂದಿನ ಚಕ್ರ ಎತ್ತಿ ಎಳೆದುಕೊಂಡು ಹೋಗುವ ಟೋಯಿಂಗ್ ಗಾಡಿಯ ಮುಂದೆ ಗೇರ್ ಲಾಕ್ ಏನೂ ಮಾಡಲ್ಲ. ಅದಕ್ಕೇ ಕಾರನ್ನು ಮುಂದಿನ ಮೂತಿ ಮೋರಿಯ ಗೋಡೆ ಕಡೆಗೆ ಬರುವ ಹಾಗೆ ಒತ್ತಿ ನಿಲ್ಲಿಸೋದು ಕಲಿತೆ.

ಆ ಘಟನೆಯ ಭಯದಲ್ಲಿ ಗುಪ್ತ ಸ್ವಿಚ್ಚೂ ಹಾಕಿಸಿದೆ. ಪೆಟ್ರೋಲ್ ಪಂಪಿಗೆ ಹೋಗುವ ವೈರಿನಲ್ಲಿ ಒಂದು ರಿಲೇ, ಅದಕ್ಕೆ ಕೈಗೆ ಸಿಗುವ ಆದರೆ ಕಣ್ಣಿಗೆ ಕಾಣದ ಒಂದು ಸಣ್ಣ ಸ್ವಿಚ್. ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲಗಿದ್ದ. ಎದ್ದು ಬಂದು ಕೈ ಒರೆಸಿಕೊಳ್ಳುತ್ತಾ ಹೇಳಿದ: "ನೀವು ಬಾಯಿ ಬಿಡಬೇಡಿ ಸರ್, ನಾನು ಮರೆತುಬಿಡ್ತೀನಿ." ಸ್ವಿಚ್ ಆಫ್ ಇದ್ದರೆ ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಎಂಜಿನ್ ಕೆಲವು ಸೆಕೆಂಡು ಓಡಿ ಸುಮ್ಮನಾಗುತ್ತೆ. ಕಾರು ಕೆಟ್ಟಿದೆ ಅಂತಲೇ ಅನಿಸುತ್ತೆ.

ಅದಕ್ಕೆ ಮೊದಲು ಸಿಕ್ಕಿಬಿದ್ದವಳು ನನ್ನ ಹೆಂಡತಿ. ಹೇಳಿಕೊಟ್ಟಿದ್ದೆ, ಅವಳು ಮರೆತಿದ್ದಳು. ತಮ್ಮನ ಮನೆಯಿಂದ ಹೊರಟು ಅಲ್ಲೇ ನಿಂತಳು. ಯಾವುದೋ ಗ್ಯಾರೇಜಿನವನು ಬಂದು ಪ್ಲಗ್ ಬಿಚ್ಚಿ, ಫಿಲ್ಟರ್ ಊದಿ, 600 ರೂಪಾಯಿ ತೆಗೆದುಕೊಂಡು, "ಪಂಪ್ ಹೋಗಿದೆ ಮೇಡಂ" ಅಂದನಂತೆ. ಆಮೇಲೆ ನನಗೆ ಫೋನ್. ಅವತ್ತು ಕೇಳಿದ ಮಾತು ಇಲ್ಲಿ ಬೇಡ ಬಿಡಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಓಡುತ್ತಿರುವ ಕಾರಿನ ಎಂಜಿನ್ನನ್ನು ಮೊಬೈಲಿನಿಂದ ಆಫ್ ಮಾಡುವ ವ್ಯವಸ್ಥೆ ಹಾಕಿಸಬೇಡಿ. ಕೆಲವು ಜಿಪಿಎಸ್ ಮಾರುವವರು ಇದನ್ನೇ ದೊಡ್ಡದಾಗಿ ಹೇಳ್ತಾರೆ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಾಗುತ್ತೆ, ಒಂದೆರಡು ಸಲ ತುಳಿದ ಮೇಲೆ ಬ್ರೇಕೂ ಕಲ್ಲಾಗುತ್ತೆ. ಒಳಗೆ ಕಳ್ಳನೇ ಇದ್ದಾನೆ ಅಂತ ಏನು ಗ್ಯಾರಂಟಿ? ಇನ್ನು ವಾರಂಟಿ ಇರುವ ಹೊಸ ಕಾರಿನಲ್ಲಿ ವೈರ್ ಕತ್ತರಿಸಿದರೆ ವಾರಂಟಿಗೆ ಎಳ್ಳುನೀರು.

ಜಿಪಿಎಸ್ ನಾನೂ ಇಟ್ಟಿದ್ದೇನೆ. ಅದು ಕಳುವು ತಡೆಯಲ್ಲ, ಕಳುವಾದ ಮೇಲೆ ಹುಡುಕಲು ಮಾತ್ರ. ಒಳಗೆ 13 ಅಂಕಿಯ ನಂಬರಿನ ಸಿಮ್ ಇರುತ್ತೆ, ರೀಚಾರ್ಜ್ ಮರೆತರೆ ಅದು ಬರೀ ಡಬ್ಬಿ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಹೋಗುತ್ತೆ. ಲಾಕ್‌ಡೌನಿನಲ್ಲಿ ಮೂರು ವಾರ ಕಾರು ತೆಗೆಯದೇ ಇದ್ದಾಗ ನನ್ನ ಬ್ಯಾಟರಿಯನ್ನು ಪೂರ್ತಿ ಕುಡಿದು ಮುಗಿಸಿತ್ತು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಬಗೆಯದು ಬೇಡ, ಕಳ್ಳ ಮೊದಲು ಕೀಳುವುದು ಅದನ್ನೇ. ಕೀಚೈನಿಗೆ ಹಾಕುವ ಬ್ಲೂಟೂತ್ ಟ್ಯಾಗನ್ನು ಕಾರಲ್ಲಿ ಬಚ್ಚಿಡುವವರೂ ಇದ್ದಾರೆ. ಯಾರೂ ಯಾರನ್ನೂ ಕದ್ದು ಹಿಂಬಾಲಿಸಬಾರದು ಅಂತ ಅದು ಸ್ವಲ್ಪ ಹೊತ್ತಿಗೆ ಕಳ್ಳನ ಫೋನಿಗೇ ಸುದ್ದಿ ಮುಟ್ಟಿಸುತ್ತೆ. ನಕ್ಷೆಯಲ್ಲಿ ಚುಕ್ಕಿ ಕಂಡರೆ 112ಕ್ಕೆ ಫೋನ್ ಮಾಡಿ. ನಾವೇ ಬೆನ್ನಟ್ಟಿ ಹೋಗೋ ಶೌರ್ಯ ಬೇಡ.

2021ರಲ್ಲಿ ಬಂದದ್ದು ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರು. ಕೀ ಜೇಬಲ್ಲಿದ್ದರೆ ಸಾಕು, ಬಾಗಿಲು ತೆರೆಯುತ್ತೆ. ಸುಖ ಹೌದು, ಆದರೆ ಹೊಸ ತಲೆನೋವು. ನನ್ನ ಮೊದಲ ಕಾರು ಹೋದ ಅದೇ 2011ರಲ್ಲಿ ಜ್ಯೂರಿಕ್ಕಿನ ಸಂಶೋಧಕರು ಎಂಟು ಕಂಪನಿಗಳ ಹತ್ತು ಕಾರುಗಳನ್ನು ಪರೀಕ್ಷಿಸಿ, ಹತ್ತನ್ನೂ ಕೀ ಇಲ್ಲದೇ ತೆರೆದು ತೋರಿಸಿದ್ದರು. ಒಬ್ಬ ಮನೆಯ ಗೋಡೆಯ ಹತ್ತಿರ, ಇನ್ನೊಬ್ಬ ಕಾರಿನ ಹತ್ತಿರ ನಿಂತರೆ ಸಾಕು. ಒಳಗಿರುವ ಕೀಯ ಸಿಗ್ನಲ್ಲನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ ಕಾರಿಗೆ ಮುಟ್ಟಿಸುತ್ತಾರೆ. ನಾನು ಕೀ ನೇತು ಹಾಕುತ್ತಿದ್ದದ್ದು ಬಾಗಿಲ ಪಕ್ಕದ ಮೊಳೆಗೆ. ಅಲ್ಲಿಂದ ಕಾರಿಗೆ ಮೂರೇ ಮೀಟರ್.

ಸಿಗ್ನಲ್ ತಡೆಯುವ ಚೀಲ ಅಂತ ಸಿಗುತ್ತೆ, ತಂದೆ. ಮೊದಲು ಚೆನ್ನಾಗಿತ್ತು, ವರ್ಷ ತುಂಬುವುದರೊಳಗೆ ಒಳಗಿನ ಬೆಳ್ಳಿ ಬಣ್ಣದ ಬಟ್ಟೆ ಮಡಿಕೆಯಲ್ಲಿ ಸವೆದು ಕೆಲಸ ಬಿಟ್ಟಿತು. ಆಮೇಲೆ ಅಡುಗೆಮನೆಯ ಕಾಫಿಪುಡಿ ಡಬ್ಬಿ ಪರೀಕ್ಷೆ ಮಾಡಿದೆ. ಕೀಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿ ಕೈಲಿ ಹಿಡಿದುಕೊಂಡೇ ಬಾಗಿಲಿನ ಹಿಡಿ ಮುಟ್ಟಿದೆ. ಮುಚ್ಚಳ ಸ್ವಲ್ಪ ಸಡಿಲ ಇದ್ದಾಗ ಬಾಗಿಲು ಟಕ್ ಅಂತ ತೆರೆಯಿತು. ಗಟ್ಟಿ ಮುಚ್ಚಿದಾಗ ತೆರೆಯಲಿಲ್ಲ. ಈಗ ಕೀಗೆ ಅದೇ ಡಬ್ಬಿ, ಇಡೋದು ಮನೆಯ ಹಿಂದಿನ ಕೋಣೆಯಲ್ಲಿ. ಎರಡು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡ್ತೀನಿ. ಅಕ್ಕಪಕ್ಕದವರು ಡಬ್ಬಿ ಹಿಡಿದು ಕಾರಿನ ಸುತ್ತ ಓಡಾಡೋ ನನ್ನನ್ನು ವಿಚಿತ್ರವಾಗಿ ನೋಡ್ತಾರೆ.

ಲಂಡನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಇನ್ನೂ ಮುಂದಿನ ಸುದ್ದಿ ಹೇಳಿದ. ಅಲ್ಲಿ 2022ರಲ್ಲಿ ಒಂದು ಕಾರಿನ ಹೆಡ್‌ಲೈಟಿನ ಹಿಂದಿನ ವೈರಿಗೆ ಸಾಧನ ಸಿಕ್ಕಿಸಿ, "ಕೀ ಸರಿಯಾಗಿದೆ" ಅಂತ ಕಾರಿಗೆ ಸುಳ್ಳು ಹೇಳಿಸಿ ಒಯ್ದಿದ್ದರು. ಅದರ ಮುಂದೆ ಡಬ್ಬಿಯೂ ನಡೆಯಲ್ಲ, ಚೀಲವೂ ನಡೆಯಲ್ಲ. ಹಾಗಾಗಿ ಅವನು ಈಗ ರಾತ್ರಿ ಹಾಕೋದು ಸ್ಟೀರಿಂಗಿಗೆ ಅಡ್ಡಲಾಗಿ ಒಂದು ಹಳದಿ ಕಬ್ಬಿಣದ ದೊಣ್ಣೆ. ಅಷ್ಟೆಲ್ಲ ಕಂಪ್ಯೂಟರ್ ಇರುವ ಕಾರಿಗೆ! ನಾನೂ ಹೊಸ ಕಾರಿಗೆ ಅಂಥದ್ದೇ ತಂದೆ.

ಇನ್ಶೂರೆನ್ಸಿನ ಪಾಠ ಮಾತ್ರ ಮರೆತಿಲ್ಲ. ಕಳುವಿಗೆ ಹಣ ಬರಬೇಕಾದರೆ ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿನ ನಷ್ಟಕ್ಕೆ ಮಾಡಿಸುವ ಇನ್ಶೂರೆನ್ಸ್, ಇರಲೇಬೇಕು. ಬರುವುದು ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆಯಷ್ಟು ಮಾತ್ರ. ಕಾರು ಕಂಪನಿಯ ಬೆಲೆಯಲ್ಲಿ ಆರು ತಿಂಗಳು ದಾಟಿದರೆ 15%, ಎರಡರಿಂದ ಮೂರು ವರ್ಷದ ಕಾರಿಗೆ 30%, ನಾಲ್ಕರಿಂದ ಐದಕ್ಕೆ 50% ಕಳೆಯುತ್ತಾರೆ. ಹೊಸದರಲ್ಲಿ ರಿಟರ್ನ್ ಟು ಇನ್‌ವಾಯ್ಸ್ ಅನ್ನೋ ಹೆಚ್ಚುವರಿ ಕವರ್ ಸೇರಿಸಿಕೊಂಡರೆ ಬಿಲ್ಲಿನ ಮೊತ್ತ ಸಿಗುತ್ತೆ. ಪೊಲೀಸರ ಸಿ ರಿಪೋರ್ಟ್, ಅಂದರೆ ಪತ್ತೆಯಾಗಿಲ್ಲ ಅನ್ನೋ ವರದಿ, ಜೊತೆಗೆ ಎರಡೂ ಕೀ ಕೇಳುತ್ತಾರೆ. ಒಂದು ಕೀ ಇಲ್ಲ ಅಂದರೆ ಪ್ರಶ್ನೆಗಳ ಮಳೆ. ಕೀ ಕಾರಲ್ಲೇ ಬಿಟ್ಟು ಎಳನೀರು ಕುಡಿಯಲು ಇಳಿಯುವವರು ಇದನ್ನು ಯೋಚಿಸಬೇಕು. ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಒಪ್ಪಿದ ಸಾಧನ ಹಾಕಿಸಿದ್ದಕ್ಕೆ ನನಗೆ ಸಿಕ್ಕ ರಿಯಾಯಿತಿ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ 2.5%, ಅದೂ 500 ರೂಪಾಯಿ ಮೀರುವ ಹಾಗಿಲ್ಲ. ಒಂದು ಸಲ ಮಸಾಲೆದೋಸೆ ತಿನ್ನಲು ಮನೆಮಂದಿ ಹೋದರೆ ಖಾಲಿ.

ಆ ಎರಡನೇ ಕಾರು ಮಾರಿದ್ದನ್ನು ಹೇಳಿ ಮುಗಿಸ್ತೀನಿ. ಕೊಳ್ಳಲು ಮದ್ದೂರಿನ ಕಡೆಯ ಹುಡುಗ ಬಂದಿದ್ದ. ಗೇರ್ ಲಾಕಿನ ಮೇಲಿನ ಗೆರೆ ಸವರಿ, "ಇದೇನ್ ಸಾರ್, ಗೀರ್ಬಿಟ್ಟದೆ?" ಅಂತ ಎರಡು ಸಾವಿರ ಕಮ್ಮಿ ಕೇಳಿದ. ಕಥೆ ಹೇಳಿದೆ. ಆಮೇಲೆ ಕಮ್ಮಿ ಕೇಳಲಿಲ್ಲ. ಕಾರಿನ ಕೀ ಎರಡು, ಲಾಕಿನ ಕೀ ಮೂರು ಎಣಿಸಿ ಕೊಟ್ಟು, ಕಾರಿನೊಳಗೆ ಕೂರಿಸಿ ಗುಪ್ತ ಸ್ವಿಚ್ಚೂ ತೋರಿಸಿದೆ. "ಇದನ್ನ ಯಾರ್ಗೂ ಹೇಳ್ಬೇಡಿ ಸಾರ್" ಅಂತ ನನಗೇ ತಾಕೀತು ಮಾಡಿ ಹೋದ.

ಎಂಟು ದಿನ ಬಿಟ್ಟು ಫೋನ್ ಬಂತು. ಹಿಂದೆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು.

"ಸಾರ್, ಆ ಸ್ವಿಚ್ಚು ಎಲ್ಲದೆ ಅಂದ್ರಿ?"